ಮಾದರಿ ಕಾರಿನ ಟೈರಿಗೆ ಅಕ್ಷರ ಮೂಡಿಸುವ ಬಗೆ

ಮಾದರಿ ಕಾರುಗಳನ್ನು ಜೋಡಿಸುವವರಲ್ಲಿ ಹೆಚ್ಚಿನವರು ಬಾಡಿಯ ಬಣ್ಣಕ್ಕೂ ಪಾಲಿಶಿಗೂ ವಾರಗಟ್ಟಲೆ ಸಮಯ ಕೊಡುತ್ತಾರೆ, ಟೈರುಗಳನ್ನು ಮಾತ್ರ ಡಬ್ಬಿಯಿಂದ ತೆಗೆದು ಹಾಗೆಯೇ ರಿಮ್ಮಿಗೆ ಏರಿಸಿಬಿಡುತ್ತಾರೆ. ನಿಜವಾದ ಟೈರಿನ ಪಕ್ಕೆಯಲ್ಲಿ ಕಂಪನಿಯ ಹೆಸರು, ಅಳತೆ, ಭಾರದ ಸಂಖ್ಯೆ ಎಲ್ಲವೂ ತುಂಬಿಕೊಂಡಿರುತ್ತವೆ. ನಾವು ಅವನ್ನು ನಿಂತು ಓದುವುದಿಲ್ಲ, ಆದರೆ ಅವು ಇಲ್ಲದಿದ್ದರೆ ಎಷ್ಟೇ ಚೆನ್ನಾಗಿ ಬಣ್ಣ ಹಚ್ಚಿದ ಕಾರೂ ಆಟಿಕೆಯಂತೆ ಕಾಣುತ್ತದೆ.

ಮೊದಲು ಅಳತೆಯ ಲೆಕ್ಕ ಮಾಡಿಕೊಳ್ಳಬೇಕು. 1:24 ಪ್ರಮಾಣದಲ್ಲಿ 24 ಮಿಲಿಮೀಟರ್ ಎತ್ತರದ ಅಕ್ಷರ 1 ಮಿಲಿಮೀಟರ್ ಆಗುತ್ತದೆ. 1:43ರಲ್ಲಿ ಅದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಮಾರುತಿ 800ರ ಟೈರಿನ ಮೇಲಿನ 145/70 ಆರ್12 ಎಂಬ ಬರಹದಲ್ಲಿ 145 ಎಂಬುದು ಮಿಲಿಮೀಟರಿನಲ್ಲಿ ಅಗಲ, 70 ಎಂಬುದು ಆ ಅಗಲಕ್ಕೆ ಪಕ್ಕೆಯ ಎತ್ತರದ ಶೇಕಡಾ ಪ್ರಮಾಣ, ಆರ್ ಎಂದರೆ ರೇಡಿಯಲ್, 12 ಎಂಬುದು ಇಂಚಿನಲ್ಲಿ ರಿಮ್ಮಿನ ವ್ಯಾಸ. ಇಂತಹ ಸಣ್ಣ ಬರಹವನ್ನು 1:24ರಲ್ಲಿ ಓದುವಂತೆ ಬರೆಯಲು ಹೋಗಬಾರದು. ಕಂಪನಿಯ ಹೆಸರು ಸ್ಪಷ್ಟವಾಗಿದ್ದು, ಉಳಿದುದು ಉಬ್ಬಿದ ಸಣ್ಣ ಗೆರೆಗಳಂತೆ ತೋರಿದರೆ ಸಾಕು.

ಅಕ್ಷರಕ್ಕೆ ಬಿಳಿ ಬಣ್ಣ ಬಳಿಯುವ ಆತುರವೇ ಈ ಕೆಲಸವನ್ನು ಹೆಚ್ಚಾಗಿ ಹಾಳುಮಾಡುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಲಬುರಗಿಯ ರಿಂಗ್ ರಸ್ತೆಯ ಟೈರ್ ಅಂಗಡಿಗಳ ಮುಂದೆ ನಿಂತು ನೋಡಿದರೆ ನಮ್ಮ ಕಾರುಗಳ ಟೈರಿನ ಮೇಲಿನ ಅಕ್ಷರಗಳು ಕಪ್ಪಿನ ಮೇಲೆ ಕಪ್ಪಾಗಿಯೇ ಇರುವುದು ಕಾಣುತ್ತದೆ. ಅವು ಕಣ್ಣಿಗೆ ಬೀಳುವುದು ಉಬ್ಬಿನಿಂದ ಮತ್ತು ಸುತ್ತಲೂ ಕುಳಿತ ದೂಳಿನಿಂದ. 5.90-15 ಅಳತೆಯ (ಇಂಚಿನಲ್ಲಿ ಅಗಲ ಮತ್ತು ರಿಮ್ಮಿನ ವ್ಯಾಸ) ಟೈರಿನ ಅಂಬಾಸಿಡರಿಗೆ ದಪ್ಪ ಬಿಳಿ ಅಕ್ಷರ ಹೊಂದುವುದಿಲ್ಲ. ಹಳೆಯ ಲಾರಿಯ ಮಾದರಿಗೆ ಮೈಸೂರಿನ ವಿಕ್ರಾಂತ್ ಟೈರ್ ಕಂಪನಿಯ ಹೆಸರು ಹಾಕುವುದಾದರೂ ಅದು ಕಪ್ಪು ಉಬ್ಬಾಗಿಯೇ ಬರಬೇಕು. ಉಬ್ಬಿದ ಬಿಳಿ ಅಕ್ಷರಗಳು ಸಲ್ಲುವುದು 1960ರ ದಶಕದ ಕೊನೆಯ ಮತ್ತು 1970ರ ದಶಕದ ಅಮೆರಿಕದ ವೇಗದ ಕಾರುಗಳಿಗೆ. ರೇಸ್ ಕಾರಿನದು ಬೇರೆಯೇ ನಿಯಮ: ಗುಡ್‌ಇಯರ್ 1998ರ ನಂತರ ಫಾರ್ಮುಲಾ ಒನ್‌ನಲ್ಲಿ ಇಲ್ಲ, 2011ರಿಂದ ಎಲ್ಲ ತಂಡಗಳಿಗೂ ಪಿರೆಲ್ಲಿಯೇ ಟೈರ್ ಕೊಡುತ್ತಿದೆ, ಮತ್ತು 2019ರಿಂದ ಗಟ್ಟಿ ಟೈರಿಗೆ ಬಿಳಿ, ಮಧ್ಯಮಕ್ಕೆ ಹಳದಿ, ಮೃದುವಿಗೆ ಕೆಂಪು ಎಂಬ ಗುರುತು ನಡೆದುಬಂದಿದೆ. ಕಾರಿನ ವರ್ಷಕ್ಕೆ ಹೊಂದದ ಹೆಸರನ್ನು ಎಷ್ಟು ಅಂದವಾಗಿ ಬರೆದರೂ ಬಲ್ಲವರ ಕಣ್ಣಿಗೆ ಅದು ತಪ್ಪಾಗಿಯೇ ಕಾಣುತ್ತದೆ.

ಟೈರಿನಲ್ಲಿ ಅಕ್ಷರಗಳು ಅಚ್ಚಿನಲ್ಲೇ ಉಬ್ಬಿ ಬಂದಿದ್ದರೆ ಕೆಲಸ ಸುಲಭ. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಅಚ್ಚಿನ ಜಿಡ್ಡನ್ನು ಪೂರ್ತಿ ತೆಗೆಯಬೇಕು. ಬಣ್ಣ ಅಕ್ರಿಲಿಕ್ಕೇ ಆಗಿರಲಿ. ಮಾದರಿ ಟೈರಿನ ಮೆದು ವಿನೈಲಿನಲ್ಲಿ ಅದನ್ನು ಮೆತ್ತಗಿಡಲು ಬೆರೆಸಿರುವ ಪ್ಲಾಸ್ಟಿಸೈಜರ್ ಎಂಬ ರಾಸಾಯನಿಕ ಹೊರಕ್ಕೆ ಒಸರುವುದರಿಂದ ಎನಾಮೆಲ್ ಬಣ್ಣ ಅದರ ಮೇಲೆ ಎಷ್ಟೋ ದಿನ ಅಂಟಂಟಾಗಿಯೇ ಉಳಿಯುತ್ತದೆ. ಚಪ್ಪಟೆ ಸ್ಪಂಜಿನ ತುಂಡಿಗೆ ಬಣ್ಣ ಹಚ್ಚಿ, ಹೆಚ್ಚಿನದನ್ನು ಕಾಗದಕ್ಕೆ ಒತ್ತಿ ತೆಗೆದು, ಅಕ್ಷರದ ತಲೆಯ ಮೇಲೆ ಮಾತ್ರ ತಾಗುವಂತೆ ತಟ್ಟಬೇಕು. ಬಿಳಿಗೆ ತುಸು ಬೂದು ಬೆರೆಸಿದರೆ ರಬ್ಬರಿನ ಬಿಳಿ ಬರುತ್ತದೆ. ಕಪ್ಪು ಅಕ್ಷರವೇ ಬೇಕಾದಾಗ ಬಿಳಿಯ ಬದಲು ಗಾಢ ಬೂದನ್ನು ಇದೇ ರೀತಿ ಸವರಿದರೆ ಉಬ್ಬು ಎದ್ದು ಕಾಣುತ್ತದೆ.

ಪಕ್ಕೆ ನುಣುಪಾಗಿದ್ದರೆ ಮೂರು ದಾರಿಗಳಿವೆ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಸುಲಭವಾಗಿ ಸಿಗುತ್ತದೆ, ಆದರೆ ಅದರ ತೆಳು ಪೊರೆ ಮಂಕಾದ ರಬ್ಬರಿನ ಮೇಲೆ ಹೊಳೆಯುತ್ತದೆ ಮತ್ತು ಟೈರು ಬಾಗಿದಾಗ ಬಿರಿಯುತ್ತದೆ. ಮನೆಯ ಪ್ರಿಂಟರಿನಲ್ಲಿ ಬಿಳಿ ಶಾಯಿ ಇರುವುದಿಲ್ಲವಾದ್ದರಿಂದ ಬಿಳಿ ಅಕ್ಷರವನ್ನು ನಾವೇ ಮುದ್ರಿಸಿಕೊಳ್ಳುವುದೂ ಆಗುವುದಿಲ್ಲ. ಸ್ಟೆನ್ಸಿಲ್ ಇಟ್ಟು ಏರ್‌ಬ್ರಷ್‌ನಿಂದ ತೆಳುವಾಗಿ ಊದುವುದು ರೇಸ್ ಟೈರಿಗೆ ಒಪ್ಪುತ್ತದೆ. ಉಜ್ಜಿ ಅಂಟಿಸುವ ಒಣ ಅಕ್ಷರಗಳಿಗೆ ಪೊರೆಯೇ ಇಲ್ಲದ ಕಾರಣ ನಾನು ಅವನ್ನೇ ಆರಿಸುತ್ತೇನೆ. ಯಾವ ದಾರಿ ಹಿಡಿದರೂ ಬರಹ ಟೈರಿನ ವೃತ್ತಕ್ಕೆ ಸರಿಯಾಗಿ ಬಾಗಿರಬೇಕು, ಪ್ರತಿಯೊಂದು ಅಕ್ಷರದ ಬುಡವೂ ಚಕ್ರದ ನಡುವಿಗೆ ಮುಖ ಮಾಡಿರಬೇಕು. ನೇರ ಸಾಲಿನಲ್ಲಿ ಬರೆದುದನ್ನು ಎಳೆದು ಬಾಗಿಸಿದರೆ ತಲೆಯ ಕಡೆ ಸಂದು ತೆರೆದುಕೊಳ್ಳುತ್ತದೆ.

ನಮ್ಮ ಭಾಗದ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿಯ ಉಷ್ಣತೆ 40 ಡಿಗ್ರಿ ದಾಟಿದಾಗ ಅಕ್ರಿಲಿಕ್ ಬಣ್ಣ ಟೈರನ್ನು ಮುಟ್ಟುವ ಮೊದಲೇ ಬ್ರಷ್ಷಿನ ತುದಿಯಲ್ಲಿ ಒಣಗುತ್ತದೆ; ಫ್ಯಾನ್ ಹಾಕಿದರೆ ಇನ್ನೂ ಬೇಗ. ಈ ಕೆಲಸಕ್ಕೆ ಮುಂಜಾನೆಯೇ ಒಳ್ಳೆಯದು, ಜೊತೆಗೆ ಬಣ್ಣ ಒಣಗುವುದನ್ನು ತಡಮಾಡುವ ರಿಟಾರ್ಡರ್ ಒಂದು ಹನಿ ಬೆರೆಸಬೇಕು. ಸೆಕೆಯಲ್ಲಿ ಪ್ಲಾಸ್ಟಿಸೈಜರ್ ಹೆಚ್ಚು ಒಸರಿ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿನ ರಿಮ್ಮನ್ನೇ ಕರಗಿಸುವ ಅಪಾಯವಿರುವುದರಿಂದ, ಟೈರು ಏರಿಸುವ ಮೊದಲು ರಿಮ್ಮಿನ ಅಂಚಿಗೆ ಅಕ್ರಿಲಿಕ್ ವಾರ್ನಿಶ್ ಬಳಿಯುವುದನ್ನು ಮರೆಯಬಾರದು.

ಕೊನೆಗೆ ದೂಳು. ಎರೆಹೊಲದ ದಾರಿಯಲ್ಲಿ ಓಡಿದ ಕಾರಿಗೆ ಕಪ್ಪುಬೂದು, ಶಹಾಬಾದ್ ಕಲ್ಲಿನ ಗಣಿಯ ಕಡೆಯ ಲಾರಿಗೆ ಮಾಸಲು ಬಿಳಿ, ಬೀದರ್ ಕಡೆಯ ಕೆಂಪು ನೆಲಕ್ಕೆ ಕೆಂಪು. ಆಯಾ ಬಣ್ಣದ ಪುಡಿಯನ್ನು ಮೆತ್ತನೆಯ ಬ್ರಷ್ಷಿನಿಂದ ಅಕ್ಷರಗಳ ಸುತ್ತಲಿನ ತಗ್ಗಿಗೆ ತುಂಬಿ, ಅಕ್ಷರದ ತಲೆಯನ್ನು ಬೆರಳಿನಿಂದ ಒರೆಸಬೇಕು. ಚಕ್ರಗಳನ್ನು ಜೋಡಿಸುವಾಗ ನಾಲ್ಕೂ ಟೈರುಗಳ ಹೆಸರು ಮೇಲ್ಗಡೆ ನೇರವಾಗಿ ನಿಲ್ಲದಂತೆ, ಒಂದೊಂದನ್ನು ಒಂದೊಂದು ಕೋನಕ್ಕೆ ತಿರುಗಿಸಿ ಅಂಟಿಸಿ. ರಸ್ತೆಯಲ್ಲಿ ಬಂದು ನಿಂತ ಕಾರಿನ ನಾಲ್ಕು ಚಕ್ರಗಳು ಒಂದೇ ಕೋನದಲ್ಲಿ ನಿಲ್ಲುವುದು ಬಹಳ ಅಪರೂಪ.