ಒಂಬತ್ತು ಜಾಗ, ಎರಡು ದಿನ

ಜುಲೈ 19, 2025, ಶನಿವಾರ
ಶಿವಮೊಗ್ಗ, ರಾತ್ರಿ ಹತ್ತೂವರೆ

ಅಣ್ಣನ ಮಗ ಸಂಜೆ ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದಾನೆ. ಬರುವ ಶುಕ್ರವಾರ ರಾತ್ರಿ ಬೆಂಗಳೂರು ಬಿಡ್ತಾರಂತೆ, ಅವನೂ ಮೂವರು ಸ್ನೇಹಿತರೂ. ಶನಿವಾರ, ಭಾನುವಾರ ಎರಡೇ ದಿನ. ಜಾಗ ಒಂಬತ್ತು. ಸಕ್ರೆಬೈಲು, ತ್ಯಾವರೆಕೊಪ್ಪ, ಮಂಡಗದ್ದೆ, ಜೋಗ, ಇಕ್ಕೇರಿ, ಕೆಳದಿ, ಕುಪ್ಪಳ್ಳಿ, ಆಗುಂಬೆ ಸೂರ್ಯಾಸ್ತ, ಕೊನೆಗೆ ಶರಾವತಿ ಹಿನ್ನೀರಿನ ಮೇಲಿನ ಸಿಗಂದೂರಿನ ಹೊಸ ಸೇತುವೆ. ‘ಅತ್ತೆ, ಏನಾದ್ರೂ ಬಿಟ್ಟುಹೋಗಿದ್ಯಾ ನೋಡಿ’ ಅಂತ ಕೆಳಗೊಂದು ಸಾಲು.

ಓದಿ ನಿಜಕ್ಕೂ ಸಿಟ್ಟು ಬಂತು. ಪುನರ್ವಸು ಮಳೆ ಮುಗಿದು ಪುಷ್ಯ ಹಿಡಿಯುವ ಹೊತ್ತು ಇದು. ಆಗುಂಬೆಯಲ್ಲಿ ಸೂರ್ಯ ಮುಳುಗೋದನ್ನ ನೋಡಬೇಕಾದ್ರೆ ಚಳಿಗಾಲಕ್ಕೆ ಬರಬೇಕು. ಈಗ ಅಲ್ಲಿ ನೋಡೋದು ಮಳೆಯನ್ನೇ, ಮತ್ತು ಅದಕ್ಕೆ ಸುಮ್ಮನೆ ಒಂದು ಜಗಲಿ ಮೇಲೆ ಕೂರುವಷ್ಟು ಪುರುಸೊತ್ತು ಇರಬೇಕು. ಜೋಗ ಇರೋದು ಸಾಗರದ ದಿಕ್ಕಿಗೆ, ಆಗುಂಬೆ ತೀರ್ಥಹಳ್ಳಿ ದಿಕ್ಕಿಗೆ. ಅವನು ಎರಡನ್ನೂ ಒಂದೇ ದಿನಕ್ಕೆ ಹಾಕಿಕೊಂಡಿದ್ದಾನೆ. ಈ ಮಳೆಯಲ್ಲಿ, ಈ ತಿರುವುಗಳಲ್ಲಿ, ಹಿಂದಿನ ರಾತ್ರಿ ನಿದ್ದೆಗೆಟ್ಟು ಬಂದ ಹುಡುಗರು.

ಬರೆದೆ: ಒಂದು ದಿನ ಒಂದೇ ಹೊಳೆ ಹಿಡ್ಕೊಂಡು ಹೋಗಿ. ತುಂಗೆಯ ಪಕ್ಕದಲ್ಲೇ ತೀರ್ಥಹಳ್ಳಿ ರಸ್ತೆ ಹೋಗ್ತದೆ. ಗಾಜನೂರು ಅಣೆಕಟ್ಟಿನಲ್ಲಿ ಹಿಡಿಯೋದು ಬರೀ ಮೂರು ಚಿಲ್ಲರೆ ಟಿಎಂಸಿ ನೀರು (ಭದ್ರಾದಲ್ಲಿ 71.5), ಅದಕ್ಕೇ ಮಳೆ ಜೋರಾಗ್ತಿದ್ದ ಹಾಗೆ ತುಂಬಿ ಗೇಟು ಎತ್ತುತ್ತಾರೆ. ಸ್ವಲ್ಪ ಮುಂದೆ ಸಕ್ರೆಬೈಲು. ಆನೆ ಸ್ನಾನ ನೋಡಬೇಕಾದ್ರೆ ಬೆಳಗ್ಗೆಯೇ ಅಲ್ಲಿರಬೇಕು, ಆಮೇಲೆ ಅವನ್ನ ಕಾಡಿಗೆ ಬಿಡ್ತಾರೆ. ಮಂಡಗದ್ದೆಯಲ್ಲಿ ಹೊಳೆ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಗೂಡು ಕಟ್ಟಿರ್ತವೆ. ಕಾರು ನಿಲ್ಲಿಸಿ ಹಾರನ್ ಹೊಡೀಬೇಡಿ. ತೀರ್ಥಹಳ್ಳಿ ದಾಟಿ ಕುಪ್ಪಳ್ಳಿ. ಕುವೆಂಪು ಮನೆ ನೋಡಿ ಕವಿಶೈಲಕ್ಕೆ ಹತ್ತಿ. ಅವತ್ತಿಗೆ ಅಷ್ಟು ಸಾಕು.

ಜೋಗಕ್ಕೆ ಬೇಕಾದ್ರೆ ಮಾರನೇ ದಿನ. ಮಂಜು ಮುಚ್ಚಿದೆ ಅಂತ ಐದು ನಿಮಿಷಕ್ಕೆ ವಾಪಸ್ ಹೊರಡುವವರನ್ನ ಎಷ್ಟು ಸಲ ನೋಡಿದ್ದೇನೆ! 830 ಅಡಿ ಬೀಳುವ ನೀರು ಶಬ್ದದಲ್ಲಿ ಮೊದಲು ಕಾಣಿಸ್ತದೆ. ಕಾದರೆ ಮಂಜು ಸರೀತದೆ, ರಾಜ ಕಂಡು ರಾಣಿ ಕಾಣೋದ್ರೊಳಗೆ ಮತ್ತೆ ಮುಚ್ಚಿಕೊಳ್ತದೆ.

ಇಷ್ಟನ್ನೂ ಅಮ್ಮನಿಗೆ ಗಟ್ಟಿಯಾಗಿ ಓದಿ ಹೇಳ್ತಿದ್ದೆ. ಅವಳು ಒಲೆ ಮುಂದೆ ಹಲಸಿನ ಹಪ್ಪಳ ಸುಡ್ತಾ ಇದ್ಳು.

“ಸೇತುವೆ ನೋಡೋಕೆ ಅಂತ ಬೆಂಗಳೂರಿಂದ ಬರ್ತಾರನಾ?”

“ಹೂಂ. ಫೋಟೊ ತೆಗೀಬೇಕಂತೆ.”

ಹಪ್ಪಳ ಮಗುಚಿದಳು. “ಕೂಸೇ, ಆ ಕಾರಲ್ಲಿ ಒಂದು ಜಾಗ ಆಗ್ತದಾ ಕೇಳು.”

ಸೋಮವಾರ ಉದ್ಘಾಟನೆ ದಿನ ಟಿವಿ ಮುಂದಿಂದ ಎದ್ದಿರಲಿಲ್ಲ ಅವಳು. ಊಟಕ್ಕೆ ಕರೆದರೂ ಬರಲಿಲ್ಲ. ತವರಿನ ಕಡೆ ಸುದ್ದಿ, ಸಹಜ ಅಂದುಕೊಂಡಿದ್ದೆ. ಅಮ್ಮನ ತವರು ತುಮರಿಯ ಆಚೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನೀರು ನಿಂತಾಗ ಅವಳಿಗೆ ಹನ್ನೊಂದು ವರ್ಷ. ಹೊಳೆ ಅಂದರೆ ದಾಟಿ ಹೋಗುವಂಥದ್ದು ಅಂತ ಗೊತ್ತಿತ್ತಂತೆ, ಹಿನ್ನೀರು ಅನ್ನೋ ಮಾತು ಆಮೇಲೆ ಬಂದದ್ದು. ಅಲ್ಲಿಂದ ಈಚೆಗೆ ಸಾಗರಕ್ಕೆ ಬರಬೇಕಾದ್ರೆ ಲಾಂಚೇ ಗತಿ.

ನಮಗೆಲ್ಲ ಲಾಂಚು ಅಂದರೆ ಜಾತ್ರೆ. ಬಸ್ಸಿಗೆ ಬಸ್ಸೇ ಅದರ ಮೇಲೆ ಹತ್ತೋದು, ನಾವು ಮಕ್ಕಳು ಇಳಿದು ಕಂಬಿ ಹಿಡಿದು ಗಾಳಿಗೆ ಮುಖ ಕೊಟ್ಟು ನಿಲ್ಲೋದು. ಅಮ್ಮ ಮಾತ್ರ ಒಂದು ದಿನಕ್ಕೂ ಬಸ್ಸಿಂದ ಇಳಿದವಳಲ್ಲ. ಸೀಟಲ್ಲೇ ಕೂತು ಮುಂದೆ ನೋಡ್ತಾ ಇರ್ತಿದ್ಳು. ನೀರಿನ ಹೆದರಿಕೆ ಅಂದುಕೊಂಡಿದ್ದೆ ಇಲ್ಲಿವರೆಗೆ.

“ಅಪ್ಪಯ್ಯ ಹೋದ ಸುದ್ದಿ ನನಗೆ ಮುಟ್ಟಿದ್ದು ಮಧ್ಯಾಹ್ನ,” ಅಂದಳು. “ಇಲ್ಲಿಂದ ಸಾಗರದ ಬಸ್ಸು, ಅಲ್ಲಿಂದ ಇನ್ನೊಂದು. ಹೊಳೆಬಾಗಿಲಿಗೆ ಹೋಗುವಾಗ ಕತ್ತಲು. ಕಡೇ ಲಾಂಚು ಹೋಗಿ ಆಗಿತ್ತು.”

“ಮತ್ತೆ?”

“ಮತ್ತೆಂತ. ಅಲ್ಲೇ ಒಂದು ಚಾ ಅಂಗಡಿ ಇತ್ತು. ಅವರು ಚಾಪೆ ಕೊಟ್ರು. ಮಲಗಲಿಲ್ಲ. ಇದೇ ಮಳೆ, ಆಚೆ ದಡ ಸಹ ಕಾಣ್ತಿರಲಿಲ್ಲ. ಬೆಳಿಗ್ಗೆ ದಾಟಿ ಮನೆ ಮುಟ್ಟುವಾಗ ಎಲ್ಲ ಮುಗಿಸಿದ್ರು. ನನ್ನ ಹೊಟ್ಟೇಲಿ ನೀನಿದ್ದೆ, ಅದಕ್ಕೇ ಕಾಯಲಿಲ್ಲ ಅಂತ ಅತ್ತಿಗೆ ಹೇಳಿದ್ಳು. ಇರಬೌದು.”

ನನಗೆ ಏನೂ ಹೇಳೋಕೆ ಬರಲಿಲ್ಲ. ಅಜ್ಜ ನಾನು ಹುಟ್ಟೋ ಮೊದಲೇ ತೀರಿಕೊಂಡರು ಅಂತ ಗೊತ್ತಿತ್ತು. ಇದು ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೇವೆ.

ಹಪ್ಪಳ ಒಂದು ಕರಟಿ ಹೋಯ್ತು. ಅದನ್ನ ತಾನೇ ಇಟ್ಟುಕೊಂಡು ಚೆನ್ನಾಗಿರೋದನ್ನ ನನಗೆ ಕೊಟ್ಟಳು. ಊಟ ಮಾಡುವಾಗ ಮಾತೆಲ್ಲ ಬೇರೆಯೇ: ಅಡಿಕೆಗೆ ಕೊಳೆ, ಔಷಧಿ ಹೊಡೆಯೋಕೆ ಮಳೆ ಬಿಡುವು ಕೊಡ್ತಿಲ್ಲ ಅಂತ ಮಾವ ಫೋನು ಮಾಡಿದ್ದು, ಪತ್ರೊಡೆಗೆ ಕೆಸುವಿನ ಎಲೆ ಯಾರ ಹತ್ತಿರ ತರಿಸೋದು.

ಹುಡುಗನಿಗೆ ಮತ್ತೆ ಬರೆದೆ. ಭಾನುವಾರ ಇಕ್ಕೇರಿ, ಕೆಳದಿ ಬಿಡು, ಆ ಕಲ್ಲಿನ ಕೆಲಸಕ್ಕೆ ಒಂದು ದಿನ ಪೂರ್ತಿ ಇಟ್ಟುಕೊಂಡು ಬಾ. ಜೋಗವನ್ನೂ ಬಿಟ್ಟರೆ ತಪ್ಪಿಲ್ಲ. ಶಿವಮೊಗ್ಗದಿಂದ ಸೀದಾ ಸಾಗರ, ಅಂಬಾರಗೋಡ್ಲು, ಸೇತುವೆ. ಎರಡು ಕಿಲೋಮೀಟರಿಗೂ ಹೆಚ್ಚಿದೆ ಅದು, ನಿಧಾನ ದಾಟಿ. ಕಳಸವಳ್ಳಿಯಿಂದ ಸಿಗಂದೂರು ಚೌಡೇಶ್ವರಿ, ಆಮೇಲೆ ತುಮರಿ. ಕಾರಲ್ಲಿ ನೀವು ನಾಲ್ಕೇ ಜನ ತಾನೆ? ಐದನೇ ಸೀಟಿಗೆ ಅಜ್ಜಿ ಬರ್ತಾಳೆ, ಅವಳನ್ನ ಕಿಟಕಿ ಪಕ್ಕ ಕೂರಿಸಿ.

ಕಳಿಸಿ ಆಗಲೇ ಅರ್ಧ ಗಂಟೆ. ಎರಡು ನೀಲಿ ಗೆರೆ ಬಂದಿವೆ, ಉತ್ತರ ಬಂದಿಲ್ಲ. ಸ್ನೇಹಿತರನ್ನ ಕೇಳ್ತಿರಬಹುದು. ಎಪ್ಪತ್ತೆರಡು ವರ್ಷದವಳನ್ನ ಕೂರಿಸಿಕೊಂಡು ತಿರುಗೋಕೆ ಆ ವಯಸ್ಸಿನವರಿಗೆ ಮನಸ್ಸು ಬರದೇ ಇರಬಹುದು. ಆಗಲ್ಲ ಅಂದರೆ ನಾವಿಬ್ಬರೇ ಬಸ್ಸಲ್ಲಿ ಹೋಗೋದು ಅಂತ ಆಗಲೇ ತೀರ್ಮಾನ ಮಾಡಿದ್ದೇನೆ.

ಅಮ್ಮ ಮಲಗಿದ್ದಾಳೆ ಅಂದುಕೊಂಡಿದ್ದೆ. ಈಗ ಒಳಗಿಂದ ಕೂಗಿ ಕೇಳಿದಳು, ಸೇತುವೆ ನಡುವೆ ಕಾರು ನಿಲ್ಲಿಸೋಕೆ ಬಿಡ್ತಾರಾ ಅಂತ. ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿದ ಹಳೇ ಮಡೆನೂರು ಅಣೆಕಟ್ಟು ಎದ್ದು ಕಾಣ್ತದಲ್ಲ, ಹಾಗೆ ಅವರ ಹಳೇ ಗದ್ದೆಯ ದಿಕ್ಕೂ ಸೇತುವೆ ಮೇಲಿಂದ ಸಿಗಬಹುದು ಅಂತ ಅವಳ ಲೆಕ್ಕ. ಈಗ ಮಳೆಗಾಲ ಅಮ್ಮ, ನೀರು ಏರ್ತಾ ಇದೆ, ಏನೂ ಕಾಣಲ್ಲ ಅಂದೆ.

“ಕಾಣದಿದ್ರೆ ಇರಲಿ. ಯಾವ ಕಡೆ ಅಂತ ನನಗೆ ಗೊತ್ತುಂಟು, ಎಡಗಡೆ ಕಿಟಕಿ ಕೊಟ್ಟರೆ ಸಾಕು.”