ಬಿನ್ ಕಾರ್ಡ್ ನೋಡದೆ ಆಡಿದ ಮಾತು

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ಕಾಫಿ ಬೀಜದ ಹೊಟ್ಟು ತೆಗೆದು ವಿಂಗಡಿಸೋ ಕಾರ್ಖಾನೆಯಲ್ಲಿ, ನಾನು ಎಚ್‌ಆರ್. ಹೆಸರಿಗೆ ಎಚ್‌ಆರ್ ಅಷ್ಟೇ. ಪಿಎಫ್, ಇಎಸ್‌ಐ, ಕ್ಯಾಂಟೀನ್ ಜಗಳ ಎಲ್ಲ ನನ್ನ ಟೇಬಲ್ಲಿಗೇ.

ಕಳೆದ ಜನವರಿ. ಗೇಟಿನ ಹೊರಗೆ ಪಾರ್ಚ್‌ಮೆಂಟ್, ಅಂದರೆ ಹೊಟ್ಟು ತೆಗೆಯದ ಕಾಫಿ ಬೀಜ, ತುಂಬಿದ ಲಾರಿಗಳ ಸಾಲು. ಅದರ ನಡುವೆ ಮೂಡಿಗೆರೆ ಕಡೆಯ ರೆಸಾರ್ಟ್ ಒಂದರಿಂದ ಫೋನ್. ನಮ್ಮಲ್ಲಿ ಕೆಲಸ ಬಿಟ್ಟ ಸ್ಟೋರ್ ಕೀಪರ್ ಬಗ್ಗೆ ವಿಚಾರಿಸಿದರು. "ಹುಡುಗ ಹೇಗೆ ಸಾರ್?"

"ಕೆಲಸ ಚೆನ್ನಾಗಿ ಮಾಡ್ತಿದ್ದ" ಅಂದೆ. ಅಲ್ಲಿಗೇ ಫೋನ್ ಇಡಬೇಕಿತ್ತು. ಆ ಕಡೆಯವರು ಏನೂ ಮಾತಾಡಲಿಲ್ಲ. ನನಗೆ ಸುಮ್ನಿರೋಕೆ ಆಗಲಿಲ್ಲ. "ಸ್ಟಾಕಲ್ಲಿ ಎಂಟು ಚೀಲ ಹೆಚ್ಚುಕಮ್ಮಿ ಆಗಿತ್ತು, ಸ್ವಲ್ಪ ನೋಡ್ಕೊಳ್ಳಿ" ಅಂದುಬಿಟ್ಟೆ. "ನಮ್ಮೋರಾಗಿ ಹೇಳಿದ್ರಿ, ಥ್ಯಾಂಕ್ಸ್ ಸಾರ್" ಅಂದರು. ಉಪಕಾರ ಮಾಡಿದ ಖುಷಿಯಲ್ಲಿ ಟೀ ಕುಡಿದೆ.

ಇಪ್ಪತ್ತು ದಿನಕ್ಕೆ ಪೋಸ್ಟ್‌ನಲ್ಲಿ ವಕೀಲರ ನೋಟಿಸ್ ಬಂತು. ಹುಡುಗನಿಗೆ ಆ ಕೆಲಸ ಸಿಕ್ಕಿರಲಿಲ್ಲ. ನನ್ನ ಮಾತು ಅಕ್ಷರ ಬಿಡದೆ ಅದರಲ್ಲಿತ್ತು. ಓದುವಾಗ ಕೈ ಬೆವರಿತು.

ನಮ್ಮ ವಕೀಲರು ಕೇಳಿದ್ದು ಒಂದೇ: "ಪೇಪರ್ ಏನಿದೆ?" ಎನ್‌ಕ್ವೈರಿ ಆಗಿರಲಿಲ್ಲ, ಮೆಮೋನೂ ಕೊಟ್ಟಿರಲಿಲ್ಲ. ಗೋಡೌನ್‌ನಲ್ಲಿ ಯಾರೋ ಆಡಿದ ಮಾತು ಅಷ್ಟೇ. ಹಳೇ ಕೆಲಸಗಾರನ ಬಗ್ಗೆ ಕೆಟ್ಟದ್ದು ಹೇಳಲೇಬಾರದು ಅಂತ ಕಾನೂನೇನಿಲ್ಲ ಅಂದರು. ಆದರೆ ಮಾನನಷ್ಟ ಅನ್ನೋದಿದೆ. ಹಿಂದೆ ಐಪಿಸಿ ಸೆಕ್ಷನ್ 499 ಇತ್ತಲ್ಲ, 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356. ಎರಡು ವರ್ಷದವರೆಗೆ ಜೈಲು ಆಗಬಹುದು. ಕೇಳಿದವರ ಹಿತಕ್ಕೆ ಹೇಳಿದೆ ಅಂತ ತಪ್ಪಿಸಿಕೊಳ್ಳೋ ದಾರಿ ಇದೆ, ಆದರೆ ಸರಿಯಾಗಿ ವಿಚಾರಿಸಿ ಹೇಳಿರಬೇಕು. ನಾನು ಎಲ್ಲಿ ವಿಚಾರಿಸಿದ್ದೆ?

ಆಮೇಲೆ ಬಿನ್ ಕಾರ್ಡ್, ಅಂದರೆ ಗೋಡೌನ್‌ನ ಪ್ರತಿ ಸ್ಟ್ಯಾಕ್‌ನ ಚೀಲದ ಲೆಕ್ಕ ಬರೆಯೋ ಕಾರ್ಡ್, ತೆಗೆದು ಕೂತೆ, ನನ್ನ ಪರವಾಗಿ ಏನಾದ್ರೂ ಸಿಗಲಿ ಅಂತ. ಎಂಟು ಚೀಲ ಸಿಕ್ಕಿತು. ಪಕ್ಕದ ಸ್ಟ್ಯಾಕ್‌ನಲ್ಲಿ, ಬೇರೆ ಪ್ಲಾಂಟರ್‌ನ ಲಾಟ್‌ಗೆ ಬರೆದಿದ್ದರು. ಬರೆದವನು ಹುಡುಗನಲ್ಲ, ಅವತ್ತು ಅವನು ರಜೆಯಲ್ಲಿದ್ದ.

ರೆಸಾರ್ಟಿಗೆ ನಾನೇ ಪತ್ರ ಬರೆದೆ, ಹುಡುಗನ ಮನೆಗೂ ಹೋಗಿ ಕ್ಷಮೆ ಕೇಳಿದೆ. ಅವನು ನೀರು ಕೊಟ್ಟ, ಮಾತು ಜಾಸ್ತಿ ಆಡಲಿಲ್ಲ. ಕೇಸ್ ಹಾಕಲಿಲ್ಲ.

ಈಗ ಮ್ಯಾನೇಜ್‌ಮೆಂಟಿನ ಸರ್ಕ್ಯುಲರ್ ಇದೆ: ಯಾರೇ ಕೇಳಿದರೂ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಇಷ್ಟೇ. ಅದೂ ಮೇಲ್‌ನಲ್ಲಿ, ಕೆಲಸ ಬಿಟ್ಟವರ ಒಪ್ಪಿಗೆ ಪತ್ರ ಇದ್ದರೆ ಮಾತ್ರ. ಸೈನ್ ಮಾಡಿದ್ದು ನಮ್ಮ ಮ್ಯಾನೇಜರ್. ಮೊನ್ನೆ ಅವರ ಕ್ಯಾಬಿನ್ ಮುಂದೆ ಹೋಗ್ತಿದ್ದೆ. ಬಾಗಿಲು ತೆರೆದೇ ಇತ್ತು. ಫೋನಿನಲ್ಲಿ ಅಂತಿದ್ದರು, "ಯಾರು, ಅವನಾ? ಅಯ್ಯೋ, ಬೇಡ ಬಿಡಿ ಸಾರ್."