ಉತ್ತರ ಗೊತ್ತಿಲ್ಲದವರನ್ನು ಪ್ರಶ್ನೆ ಕೇಳುವ ಆಡ್‌ಆನ್‌ಗಳು

ಶಿಡ್ಲಘಟ್ಟದಲ್ಲಿ ಪರಿಚಯದವರ ಕಂಪ್ಯೂಟರುಗಳಿಗೆ ಬ್ರೌಸರ್ ಹಾಕಿಕೊಟ್ಟು, ಅದಕ್ಕೊಂದಿಷ್ಟು ರಕ್ಷಣೆ ಒದಗಿಸುವ ಕೆಲಸ ಬಹಳ ಕಾಲದಿಂದ ನನ್ನ ಪಾಲಿಗೆ ಬಂದಿದೆ. ರೇಷ್ಮೆಗೂಡಿನ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸುವ, ನೂಲು ತೆಗೆಯುವ ರೀಲರುಗಳು, ಪಿಂಚಣಿಯ ಲೆಕ್ಕ ನೋಡಿಕೊಳ್ಳುವ ನಿವೃತ್ತ ಮೇಷ್ಟರು, ಪಹಣಿ ತೆಗೆದುಕೊಡುವ ಸಣ್ಣ ಅಂಗಡಿಯವರು, ಹೀಗೆ ಬರುವವರಲ್ಲಿ ದಡ್ಡರು ಯಾರೂ ಇಲ್ಲ. ಆದರೂ ಭದ್ರತೆಗಾಗಿ ಬ್ರೌಸರಿಗೆ ಸೇರಿಸುವ ಪುಟ್ಟ ತಂತ್ರಾಂಶಗಳಾದ ಆಡ್‌ಆನ್‌ಗಳು ಇವರ ಬಳಿ ಹೆಚ್ಚು ದಿನ ಬಾಳುವುದಿಲ್ಲ. ತಾನೇ ತೀರ್ಮಾನಿಸಬೇಕಾದದ್ದನ್ನು ಆಡ್‌ಆನ್ ಬಳಸುವವರ ತಲೆಗೆ ಕಟ್ಟುವುದೇ ಇದಕ್ಕೆ ಮುಖ್ಯ ಕಾರಣವೆಂದು ನನಗೆ ಅನ್ನಿಸಿದೆ.

ನೋಸ್ಕ್ರಿಪ್ಟನ್ನೇ ತೆಗೆದುಕೊಳ್ಳೋಣ. ಜಾರ್ಜಿಯೋ ಮಾವೋನೆ 2005ರಲ್ಲಿ ಫೈರ್‌ಫಾಕ್ಸ್‌ಗಾಗಿ ಹೊರತಂದ ಈ ಆಡ್‌ಆನ್, ನಾವು ಒಪ್ಪಿಗೆ ಕೊಡುವ ತನಕ ಜಾಲತಾಣಗಳ ಜಾವಾಸ್ಕ್ರಿಪ್ಟನ್ನು, ಅಂದರೆ ಪುಟದೊಳಗೆ ಓಡುವ ಕೋಡನ್ನು, ತಡೆದಿಡುತ್ತದೆ. ಭದ್ರತೆಯ ದೃಷ್ಟಿಯಿಂದ ಇದಕ್ಕಿಂತ ಗಟ್ಟಿಯಾದ ನಿಲುವು ಅಪರೂಪ, ಮತ್ತು ವಿಷಯ ಬಲ್ಲವರು ಇದನ್ನು ಮೆಚ್ಚುವುದು ಸರಿಯಾಗಿಯೇ ಇದೆ. ಆದರೆ ಇಂದಿನ ಒಂದು ಸಾಧಾರಣ ಪುಟವೂ ಹಲವು ಬೇರೆ ಬೇರೆ ವಿಳಾಸಗಳಿಂದ ಕೋಡ್ ತರಿಸಿಕೊಳ್ಳುವುದರಿಂದ, ಗುಂಡಿ ಒತ್ತಿದವರ ಮುಂದೆ ಅಂಥ ಹೆಸರುಗಳ ಉದ್ದನೆಯ ಪಟ್ಟಿಯೇ ತೆರೆದುಕೊಳ್ಳುತ್ತದೆ. ಅದರಲ್ಲಿ ‘ಜಿಸ್ಟ್ಯಾಟಿಕ್’ ಎಂಬ ಹೆಸರನ್ನು ಕಂಡು, ಯಾವುದೋ ಅಪರಿಚಿತ ತಾಣವೆಂದು ಅದನ್ನು ತಡೆದವರಿಗೆ, ಅರ್ಜಿಯ ಕೊನೆಯಲ್ಲಿ ‘ನಾನು ರೋಬಾಟ್ ಅಲ್ಲ’ ಎಂದು ಗುರುತು ಹಾಕುವ ಗೂಗಲ್‌ನ ಚೌಕ ಕೆಲಸ ಮಾಡುವುದಿಲ್ಲ. ಏಕೆಂದರೆ ಆ ಚೌಕಕ್ಕೆ ಬೇಕಾದ ಕಡತಗಳು ಬರುವುದು ಅಲ್ಲಿಂದಲೇ. ಅರ್ಜಿ ಏಕೆ ಹೋಗಲಿಲ್ಲವೆಂದು ಆಡ್‌ಆನ್ ಹೇಳುವುದಿಲ್ಲ, ತಾಣಕ್ಕೂ ಅದು ತಿಳಿದಿರುವುದಿಲ್ಲ. ಎರಡನೆಯ ಬಾರಿಗೂ ಹೀಗಾದಾಗ ಜನ ‘ಎಲ್ಲವನ್ನೂ ಅನುಮತಿಸು’ ಎಂದು ಒತ್ತುತ್ತಾರೆ, ಇಲ್ಲವೇ ಆಡ್‌ಆನ್ ಅನ್ನೇ ಕಿತ್ತುಹಾಕುತ್ತಾರೆ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ಮಾಡುತ್ತಿದ್ದರು.

ರೇಮಂಡ್ ಹಿಲ್ 2014ರಲ್ಲಿ ಆರಂಭಿಸಿದ ಯೂಬ್ಲಾಕ್ ಯೋಜನೆಯಿಂದ ಬಂದ ಯೂಬ್ಲಾಕ್ ಆರಿಜಿನ್ ಈ ಸಮಸ್ಯೆಯನ್ನು ಇನ್ನೊಂದು ಬಗೆಯಲ್ಲಿ ನೋಡಿದೆ. ಜಾಹೀರಾತು ಮತ್ತು ನಮ್ಮನ್ನು ಹಿಂಬಾಲಿಸುವ ಕೋಡನ್ನು ತಡೆಯಲು ಅನುಭವಿಗಳು ಸಿದ್ಧಪಡಿಸಿದ ತಡೆಪಟ್ಟಿಗಳನ್ನು ಮೊದಲೇ ಜೋಡಿಸಿಕೊಂಡು ಬರುವುದರಿಂದ, ಹಾಕಿದ ಕ್ಷಣದಿಂದ ಅದು ಯಾರನ್ನೂ ಏನನ್ನೂ ಕೇಳದೆ ಕೆಲಸ ಆರಂಭಿಸುತ್ತದೆ. ಪುಟ ಕೆಟ್ಟರೆ ಆ ತಾಣಕ್ಕೆ ಮಾತ್ರ ತಡೆಯನ್ನು ನಿಲ್ಲಿಸುವ ದೊಡ್ಡದೊಂದು ಗುಂಡಿ ಕಣ್ಣಿಗೆ ಕಾಣುವಂತಿದೆ. ಜಟಿಲವಾದ ಹಿಡಿತಗಳೆಲ್ಲ ಸೆಟ್ಟಿಂಗ್ಸ್‌ನ ಒಳಗೆ, ‘ನಾನು ಮುಂದುವರಿದ ಬಳಕೆದಾರ’ ಎಂಬರ್ಥದ ಚೌಕವೊಂದಕ್ಕೆ ಗುರುತು ಹಾಕಿದ ಮೇಲಷ್ಟೇ ತೋರುತ್ತವೆ. ತಜ್ಞರಿಗೆ ಬೇಕಾದದ್ದನ್ನು ಕಿತ್ತುಕೊಳ್ಳದೆಯೂ ಉಳಿದವರನ್ನು ಸುಮ್ಮನೆ ಬಿಡಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ನಾನು ಕಂಡಿಲ್ಲ. ಕ್ರೋಮ್ ತನ್ನ ಆಡ್‌ಆನ್‌ಗಳ ನಿಯಮ ಬದಲಿಸಿದ ಮೇಲೆ ಅಲ್ಲಿ ಇದರ ಹಗುರವಾದ ‘ಲೈಟ್’ ರೂಪವೇ ಗತಿ ಎಂಬುದು ಬೇರೆ ಮಾತು.

ಇನ್ನು ಅನುಮತಿಯ ಸಂದೇಶ. ಜಾಹೀರಾತು ತಡೆಯುವ ಪ್ರಾಮಾಣಿಕ ಆಡ್‌ಆನ್‌ಗೂ ಮಾಹಿತಿ ಕದಿಯುವ ಕಳ್ಳ ಆಡ್‌ಆನ್‌ಗೂ ಕ್ರೋಮ್ ತೋರಿಸುವ ಎಚ್ಚರಿಕೆ ಒಂದೇ: ಎಲ್ಲ ಜಾಲತಾಣಗಳಲ್ಲಿನ ನಿಮ್ಮ ಎಲ್ಲ ಮಾಹಿತಿಯನ್ನು ಇದು ಓದಬಲ್ಲದು, ಬದಲಿಸಬಲ್ಲದು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಒಂದೇ ಮಾತಾದರೆ ಓದುವವರು ಯಾವುದನ್ನು ಆರಿಸಿಕೊಳ್ಳಬೇಕು? ಹಾಕುವಾಗ ಒಳ್ಳೆಯದಿದ್ದದ್ದು ಮುಂದೆಯೂ ಹಾಗೆಯೇ ಇರುತ್ತದೆ ಎಂಬ ಖಾತರಿಯೂ ಇಲ್ಲ. ಬಹುಜನಪ್ರಿಯವಾಗಿದ್ದ ‘ದ ಗ್ರೇಟ್ ಸಸ್ಪೆಂಡರ್’ ಎಂಬ ಕ್ರೋಮ್ ಆಡ್‌ಆನ್ 2020ರಲ್ಲಿ ಬೇರೆಯವರ ಕೈಗೆ ಹೋಯಿತು. ಅದರಲ್ಲಿ ಹಾನಿಕಾರಕ ಕೋಡ್ ಇದೆಯೆಂದು ಗೂಗಲ್ 2021ರ ಫೆಬ್ರವರಿಯಲ್ಲಿ ಅದನ್ನು ತೆಗೆದುಹಾಕಿತು. ಮಾಲೀಕರು ಬದಲಾದರೆ ಆ ಸಂಗತಿಯನ್ನು ಬ್ರೌಸರೇ ಸರಳ ಕನ್ನಡದಲ್ಲಿ ತಿಳಿಸಿ, ಮತ್ತೆ ಒಪ್ಪಿಗೆ ಪಡೆಯುವಂತಾಗಬೇಕು.

ಕೆಲವು ರಕ್ಷಣೆಗಳಿಗೆ ಆಡ್‌ಆನ್ ಆಗಿ ಉಳಿಯುವ ಅಗತ್ಯವೇ ಇಲ್ಲ. 2010ರಲ್ಲಿ ಬಂದ ‘ಎಚ್‌ಟಿಟಿಪಿಎಸ್ ಎವೆರಿವೇರ್’ ಮಾಡುತ್ತಿದ್ದ, ತಾಣದೊಂದಿಗಿನ ಸಂಪರ್ಕವನ್ನು ನಡುವೆ ಯಾರೂ ಓದದಂತೆ ಭದ್ರಪಡಿಸುವ ಕೆಲಸವನ್ನು ಬ್ರೌಸರುಗಳೇ ವಹಿಸಿಕೊಂಡಿದ್ದರಿಂದ ಅದನ್ನು ರೂಪಿಸಿದವರೇ 2023ರ ಜನವರಿಯಲ್ಲಿ ಅದಕ್ಕೆ ಮಂಗಳ ಹಾಡಿದರು. ಅದೇ ವರ್ಷ ಕ್ರೋಮ್ ವಿಳಾಸದ ಪಕ್ಕದಲ್ಲಿ ಅಂಥ ಸಂಪರ್ಕವನ್ನು ಸೂಚಿಸುತ್ತಿದ್ದ ಬೀಗದ ಚಿಹ್ನೆಯನ್ನೂ ಕೈಬಿಟ್ಟಿತು, ಏಕೆಂದರೆ ಬೀಗ ಕಂಡರೆ ತಾಣ ನಂಬಿಕಸ್ಥವೆಂದು ಜನ ಭಾವಿಸುತ್ತಿದ್ದರು. ಮೋಸದ ತಾಣಗಳೂ ಬೀಗ ಹಾಕಿಕೊಂಡೇ ಬರುತ್ತವೆ. ಈಗ ನಮ್ಮಲ್ಲಿ ಅದಕ್ಕಿಂತ ಉಪಯುಕ್ತವಾದ ಗುರುತೊಂದಿದೆ. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಮುಗಿಯುವ ವಿಳಾಸಕ್ಕೆ ಬರಬೇಕಿತ್ತು. ಬ್ಯಾಂಕಿನ ಹೆಸರು ಹಾಕಿಕೊಂಡು ಪಾಸ್‌ವರ್ಡ್ ಕೇಳುವ ಪುಟದ ವಿಳಾಸ ಹಾಗೆ ಮುಗಿಯದಿದ್ದರೆ, ‘ಇದು ನಿಮ್ಮ ಬ್ಯಾಂಕಿನ ಪುಟವಲ್ಲದಿರಬಹುದು, ಪಾಸ್‌ವರ್ಡ್ ಹಾಕಬೇಡಿ’ ಎಂದು ಒಂದೇ ಸಾಲಿನಲ್ಲಿ ಹೇಳುವ ಆಡ್‌ಆನ್ ಯಾರಾದರೂ ಬರೆದರೆ ಇಲ್ಲಿನ ಪ್ರತಿಯೊಂದು ಕಂಪ್ಯೂಟರಿಗೂ ನಾನೇ ಹಾಕಿಕೊಡುತ್ತೇನೆ.

ಕಂಪ್ಯೂಟರ್ ಎಂದೆನಾದರೂ, ನಮ್ಮೂರಿನ ಬಹುಪಾಲು ಜನರ ಬ್ರೌಸರ್ ಇರುವುದು ಫೋನಿನಲ್ಲಿ, ಮತ್ತು ಆಂಡ್ರಾಯ್ಡ್ ಫೋನಿನ ಕ್ರೋಮ್‌ಗೆ ಆಡ್‌ಆನ್ ಹಾಕಲು ಬರುವುದಿಲ್ಲ. ಹಾಗಾಗಿ ಕೇಳಿ ಬಂದವರಿಗೆ ಆಂಡ್ರಾಯ್ಡ್ ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯೂಬ್ಲಾಕ್ ಆರಿಜಿನ್ ಸೇರಿಸಿ, ಬ್ಯಾಂಕಿನ ವಿಳಾಸವನ್ನು ಬುಕ್‌ಮಾರ್ಕ್ ಮಾಡಿ, ಪುಟ ಕೆಟ್ಟಾಗ ಒತ್ತಬೇಕಾದ ಆ ಒಂದು ಗುಂಡಿಯನ್ನು ಅವರ ಕೈಯಿಂದಲೇ ಒತ್ತಿಸಿ ಕಳುಹಿಸುತ್ತೇನೆ. ಸೆಟ್ಟಿಂಗ್ಸ್ ಬಗ್ಗೆ ಅವರಾಗಿ ಕೇಳಿದರಷ್ಟೇ ಹೇಳುತ್ತೇನೆ.